ಬಾಯಾರಿದ ಮೋಟರಿಗೆ ಎರಡು ಹನಿ ಎಣ್ಣೆ

ಯಂತ್ರ ಕೆಟ್ಟಾಗ ರಿಪೇರಿಯವರಿಗೆ ನಾವು ಮೊದಲು ಹೇಳುವುದು ಅದರ ಶಬ್ದವನ್ನು. ‘ಮಿಕ್ಸಿ ಕರ್ರ್ ಅಂತಿದೆ’, ‘ಫ್ಯಾನು ಟಕಟಕ ಹೊಡೀತಿದೆ’, ‘ಪಂಪು ಗುಂಯ್ ಅಂತದೆ, ನೀರು ಎತ್ತೋದಿಲ್ಲ’. ಇಂಥ ಪದಗಳಿಗೆ ಕನ್ನಡ ವ್ಯಾಕರಣದಲ್ಲಿ ಅನುಕರಣಾವ್ಯಯ ಎಂಬ ಹೆಸರಿದೆ. ಶಾಲೆಯಲ್ಲಿ ನಾಲ್ಕು ಉದಾಹರಣೆ ಬರೆದು, ಎರಡು ಅಂಕ ಗಿಟ್ಟಿಸಿ ಅದನ್ನು ಅಲ್ಲೇ ಬಿಟ್ಟು ಬಂದಿದ್ದೇವೆ. ಆದರೆ ಮೋಟರ್ ಬಿಚ್ಚಿ ಜೋಡಿಸುವವರ ಕಿವಿಗೆ ಇವೆಲ್ಲ ರೋಗಲಕ್ಷಣಗಳು. ಕಿರ್ರ್ ಅಂದರೆ ಒಂದು ಕಾಯಿಲೆ, ಗಡಗಡ ಅಂದರೆ ಇನ್ನೊಂದು, ಗುಂಯ್ ಅಂದರೆ ಮತ್ತೊಂದು. ಶಬ್ದ ಮಾಡುವ ಯಂತ್ರ ಸಾಯುತ್ತಿದೆ ಎಂದು ನಾವು ಗಾಬರಿಯಾಗುತ್ತೇವೆ. ಹೆಚ್ಚಿನ ಸಲ ಅದು ತನಗೆ ಏನು ಬೇಕು ಎಂದು ಹೇಳುತ್ತಿರುತ್ತದೆ.

ನನಗೆ ಈ ಪಾಠವಾದದ್ದು ತೀರ್ಥಹಳ್ಳಿಯ ನಮ್ಮ ಮನೆಯಲ್ಲಿ, ತೇವ ಹೀರುವ ಯಂತ್ರದಿಂದ. ಅಂಗಡಿಯವರು ಡಿಹ್ಯುಮಿಡಿಫೈಯರ್ ಎಂದು ಕರೆಯುವ ಈ ಪೆಟ್ಟಿಗೆ ಮಲೆನಾಡು ಮತ್ತು ಕರಾವಳಿಯ ಮನೆಗಳಿಗೆ ಈಚೆಗೆ ಬರುತ್ತಿದೆ. ನಮ್ಮ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ಆರಿದ್ರ ಮಳೆ ಹಿಡಿದರೆ ಪುಸ್ತಕದ ರಟ್ಟಿನ ಮೇಲೆ ಬಿಳಿ ಬೂಷ್ಟು, ಚಪ್ಪಲಿಯ ಮೇಲೆ ಹಸಿರು ಬೂಷ್ಟು, ಬೀರು ತೆರೆದರೆ ಮುಗ್ಗಲು ವಾಸನೆ. ಹಿಂದೆ ಬಚ್ಚಲೊಲೆ ದಿನವಿಡೀ ಉರಿಯುತ್ತಿತ್ತು. ಅದರ ಮೇಲೆ ಕಟ್ಟಿದ ಹಗ್ಗದಲ್ಲಿ ಬಟ್ಟೆ ಒಣಗುತ್ತಿತ್ತು. ಅಡುಗೆಮನೆಯ ಹೊಗೆ ಅಟ್ಟದ ಸಾಮಾನನ್ನು ಕಾಯುತ್ತಿತ್ತು. ಈಗ ಒಲೆಯ ಜಾಗಕ್ಕೆ ಗೀಸರ್ ಬಂದಿದೆ, ಹೆಂಚಿನ ಸಂದಿಯ ಗಾಳಿಯ ಜಾಗಕ್ಕೆ ಕಾಂಕ್ರೀಟ್ ಬಂದಿದೆ. ತೇವ ಮಾತ್ರ ಹಾಗೇ ಇದೆ. ಹಾಗಾಗಿ ಮೂರು ವರ್ಷದ ಹಿಂದೆ ಪುಸ್ತಕಗಳ ಕೋಣೆಗೆಂದು ಒಂದು ಯಂತ್ರ ತಂದೆವು.

ಮೊದಲ ಎರಡು ಮಳೆಗಾಲ ಅದು ತನ್ನ ಪಾಡಿಗೆ ತಾನು ಉಸಿರಾಡಿಕೊಂಡಿತ್ತು. ಮೂರನೆಯ ವರ್ಷ ಜೂನ್‌ನಲ್ಲಿ ಹಚ್ಚಿದರೆ ಕಿರ್ರ್ ಎಂಬ ಚೀರಾಟ. ಹತ್ತು ನಿಮಿಷದ ನಂತರ ಅದು ತಗ್ಗುತ್ತಿತ್ತು, ಆದರೆ ಅದರ ಹಿಂದೆ ಒಂದು ಗಡಗಡ ಉಳಿಯುತ್ತಿತ್ತು. ಸರ್ವಿಸ್‌ನವರಿಗೆ ಫೋನ್ ಮಾಡಿದೆ. ವಾರಂಟಿ ಮುಗಿದಿದೆ, ಬಿಡಿಭಾಗ ಬರುವುದಿಲ್ಲ, ಹೊಸದು ತೆಗೆದುಕೊಳ್ಳುವುದೇ ಒಳ್ಳೆಯದು ಎಂದರು. ಹೊಸದಕ್ಕೆ ಹಣ ಹೊಂದಿಸುವ ಲೆಕ್ಕ ಹಾಕುತ್ತಲೇ, ನಮ್ಮ ಬಾವಿಯ ಪಂಪು ನೋಡಿಕೊಳ್ಳುವ ಮೋಟರ್ ವೈಂಡಿಂಗ್ ಅಂಗಡಿಗೆ ಅದನ್ನು ಹೊತ್ತುಕೊಂಡು ಹೋದೆ. ಅಂಗಡಿಯವರು ಹಚ್ಚಿ, ಅರ್ಧ ನಿಮಿಷ ಕಿವಿಗೊಟ್ಟು, ಆರಿಸಿದರು. ‘ಮೋಟರ್ ಸತ್ತಿಲ್ಲ ಮಾರಾಯ್ರೆ, ಬಾಯಾರಿದೆ ಅಷ್ಟೆ. ಮೈಯೆಲ್ಲ ಕೊಳೆ ಬೇರೆ’ ಎಂದರು. ಅವರ ಎದುರು ಕೂತು ಕಲಿತದ್ದನ್ನು, ಆಮೇಲೆ ಓದಿ, ಮಾಡಿ ತಿಳಿದದ್ದನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ.

ಒಳಗೆ ನಡೆಯುವುದೇನು

ಫ್ರಿಜ್ಜಿನಿಂದ ತೆಗೆದ ತಣ್ಣೀರಿನ ತಂಬಿಗೆ ಮೇಜಿನ ಮೇಲಿಟ್ಟರೆ ಐದು ನಿಮಿಷದಲ್ಲಿ ಬೆವರುತ್ತದೆ. ಆ ಬೆವರು ತಂಬಿಗೆಯ ಒಳಗಿನ ನೀರಲ್ಲ, ಸುತ್ತಲಿನ ಗಾಳಿಯಲ್ಲಿದ್ದ ಆವಿ. ಬೆಚ್ಚಗಿನ ಗಾಳಿ ಹೆಚ್ಚು ಆವಿಯನ್ನು ಹಿಡಿದುಕೊಳ್ಳುತ್ತದೆ, ತಂಪಾದಂತೆ ಬಿಟ್ಟುಕೊಡುತ್ತದೆ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ 23 ಗ್ರಾಂ ಆವಿಯನ್ನು ಹೊರಬಲ್ಲದು. 10 ಡಿಗ್ರಿಗೆ ಇಳಿಸಿದರೆ 9 ಗ್ರಾಮಿನಷ್ಟೇ. ನಡುವಿನ ವ್ಯತ್ಯಾಸ ನೀರಾಗಿ ಇಳಿಯಲೇಬೇಕು.

ನಮ್ಮ ಯಂತ್ರ ಮಾಡುವುದೂ ಇದನ್ನೇ. ಒಂದು ಫ್ಯಾನು ಕೋಣೆಯ ಗಾಳಿಯನ್ನು ಜಾಲರಿಯ ಫಿಲ್ಟರ್ ಮೂಲಕ ಎಳೆಯುತ್ತದೆ. ಆ ಗಾಳಿ ಮೊದಲು ತಣ್ಣಗಿನ ಕಾಯಿಲ್ ಮೇಲೆ ಹಾಯುತ್ತದೆ. ಅಲ್ಲಿ ಆವಿ ಹನಿಯಾಗಿ ಕೆಳಗಿನ ಟ್ಯಾಂಕಿಗೆ ಇಳಿಯುತ್ತದೆ. ಮುಂದೆ ಅದೇ ಗಾಳಿ ಬಿಸಿ ಕಾಯಿಲ್ ಮೇಲೆ ಹಾದು, ಒಣಗಿ, ಬೆಚ್ಚಗಾಗಿ ಹೊರಬರುತ್ತದೆ. ಒಂದು ಕಾಯಿಲನ್ನು ತಣ್ಣಗೆ, ಇನ್ನೊಂದನ್ನು ಬಿಸಿಯಾಗಿ ಇಡುವುದು ಫ್ರಿಜ್ಜಿನಲ್ಲಿರುವಂಥದೇ ಕಂಪ್ರೆಸರ್. ಒಂದು ಲೀಟರ್ ನೀರಿನಷ್ಟು ಆವಿ ಹನಿಗಟ್ಟುವಾಗ ಸುಮಾರು 2400 ಕಿಲೋಜೂಲ್ ಶಾಖ ಹೊರಬೀಳುತ್ತದೆ. ಕರೆಂಟಿನ ಲೆಕ್ಕದಲ್ಲಿ ಹೇಳುವುದಾದರೆ ಮುಕ್ಕಾಲು ಯೂನಿಟ್‌ಗೆ ತುಸು ಕಡಿಮೆ. ಜೊತೆಗೆ ಯಂತ್ರ ತಿನ್ನುವ ಕರೆಂಟೂ ಶಾಖವಾಗಿಯೇ ಕೋಣೆಗೆ ಬರುತ್ತದೆ. ಹಾಗಾಗಿ ಯಂತ್ರ ಓಡುವಾಗ ಕೋಣೆ ಬೆಚ್ಚಗಾದರೆ ಅದನ್ನು ದೋಷವೆಂದು ತಿಳಿಯಬೇಡಿ.

ಗಾಳಿಯ ತೇವವನ್ನು ಹತೋಟಿಗೆ ತರುವ ಆಧುನಿಕ ಪ್ರಯತ್ನ ಶುರುವಾದದ್ದೂ ಕಾಗದವನ್ನು ಉಳಿಸಲು ಎಂಬುದು ಪುಸ್ತಕಪ್ರಿಯರಿಗೆ ಹಿತವೆನಿಸೀತು. 1902ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನ ಒಂದು ಮುದ್ರಣಾಲಯದಲ್ಲಿ ಬೇಸಿಗೆಯ ತೇವಕ್ಕೆ ಕಾಗದ ಹಿಗ್ಗಿ, ಒಂದರ ಮೇಲೊಂದು ಅಚ್ಚಾಗಬೇಕಾದ ಬಣ್ಣಗಳು ಜಾಗ ತಪ್ಪುತ್ತಿದ್ದವು. ಅದನ್ನು ಸರಿಪಡಿಸಲು 25 ವರ್ಷದ ಎಂಜಿನಿಯರ್ ವಿಲ್ಲಿಸ್ ಕ್ಯಾರಿಯರ್ ತಣ್ಣನೆಯ ಕಾಯಿಲ್‌ಗಳ ಮೇಲೆ ಗಾಳಿ ಹಾಯಿಸುವ ಯೋಜನೆ ರೂಪಿಸಿದರು. ಇಂದಿನ ಎಸಿಯ ಮೂಲ ಅದು. ತಂಪಿನ ಸುಖಕ್ಕಿಂತ ಮೊದಲು ಅದು ಹುಟ್ಟಿದ್ದು ತೇವದ ಚಿಂತೆಯಿಂದ.

ಈಗ ಒಂದು ಲೆಕ್ಕ. 12 ಅಡಿ ಉದ್ದ, 12 ಅಡಿ ಅಗಲ, 10 ಅಡಿ ಎತ್ತರದ ಕೋಣೆಯಲ್ಲಿ ಸುಮಾರು 41 ಘನ ಮೀಟರ್ ಗಾಳಿ ಇರುತ್ತದೆ. 25 ಡಿಗ್ರಿ ಉಷ್ಣತೆಯಲ್ಲಿ ಅದರ ತೇವಾಂಶ ಶೇಕಡಾ 90ರಷ್ಟಿದ್ದರೆ ಇಡೀ ಕೋಣೆಯ ಗಾಳಿಯಲ್ಲಿರುವ ನೀರು ಒಂದು ಲೀಟರಿಗಿಂತ ಕಡಿಮೆ. ಬೂಷ್ಟಿಗೆ ಆಸ್ಪದವಿಲ್ಲದಂತೆ ಶೇಕಡಾ 55ಕ್ಕೆ ಇಳಿಸಲು ತೆಗೆಯಬೇಕಾದದ್ದು ಮೂರನೇ ಒಂದು ಲೀಟರ್ ಮಾತ್ರ. ಆದರೆ ಮಳೆಗಾಲದಲ್ಲಿ ಟ್ಯಾಂಕ್ ದಿನಕ್ಕೊಮ್ಮೆ ತುಂಬುತ್ತದೆ, ಕೆಲವು ದಿನ ಎರಡು ಸಲವೂ. ಉಳಿದ ನೀರು ಎಲ್ಲಿಯದು? ಗೋಡೆಯದು, ಮರದ ಕಪಾಟಿನದು, ಪುಸ್ತಕದ ಹಾಳೆಗಳದು, ಹಾಸಿಗೆಯ ಹತ್ತಿಯದು, ಕಿಟಕಿಯ ಸಂದಿಯಿಂದ ನುಗ್ಗುವ ಹೊರಗಿನ ಗಾಳಿಯದು. ಗಾಳಿ ಒಣಗಿದಂತೆ ಇವೆಲ್ಲ ತಮ್ಮ ತೇವವನ್ನು ಅದಕ್ಕೆ ಕೊಡುತ್ತಲೇ ಇರುತ್ತವೆ. ಹಾಗಾಗಿ ಯಂತ್ರ ಗಂಟೆಗಟ್ಟಲೆ ಓಡಬೇಕು.

ಅದರ ಫ್ಯಾನು ನಿಮಿಷಕ್ಕೆ ಸಾವಿರ ಸುತ್ತು ತಿರುಗುತ್ತದೆ ಎಂದಿಟ್ಟುಕೊಳ್ಳಿ. ದಿನಕ್ಕೆ 12 ಗಂಟೆಯಂತೆ ಓಡಿದರೆ 7 ಲಕ್ಷದ 20 ಸಾವಿರ ಸುತ್ತು. ನೂರು ದಿನದ ಮಳೆಗಾಲಕ್ಕೆ 7 ಕೋಟಿಗೂ ಹೆಚ್ಚು. ಇಷ್ಟು ಸುತ್ತುವ ಒಂದು ಉಕ್ಕಿನ ಕಡ್ಡಿ ತುಂಬ ತೆಳುವಾದ ಎಣ್ಣೆಯ ಪದರದ ಮೇಲೆ ನಿಂತಿದೆ. ಆಮೇಲೆ ಎಂಟು ತಿಂಗಳು ಅದು ಮೂಲೆಯಲ್ಲಿ ದೂಳು ತಿನ್ನುತ್ತ ಕೂರುತ್ತದೆ. ಮರುವರ್ಷ ಹಚ್ಚಿದ ಕೂಡಲೇ ಚೀರಿದರೆ ಆಶ್ಚರ್ಯವೇನು?

ಶಬ್ದವನ್ನು ಓದುವುದು

ಸ್ಕ್ರೂ ಬಿಚ್ಚುವ ಮೊದಲು ಕೇಳಿಸಿಕೊಳ್ಳಬೇಕು. ವೈಂಡಿಂಗ್ ಅಂಗಡಿಯವರು ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಯಂತ್ರದ ಹೊರಮೈಗೆ ಊರಿ, ಹಿಡಿಯನ್ನು ಕಿವಿಯ ಹತ್ತಿರದ ಮೂಳೆಗೆ ತಾಗಿಸಿ ಕೇಳುತ್ತಾರೆ. ವೈದ್ಯರ ಸ್ಟೆತೊಸ್ಕೋಪ್ ಇದ್ದ ಹಾಗೆ. ಗಾಳಿಯಲ್ಲಿ ಎಲ್ಲ ಶಬ್ದವೂ ಕಲಸಿಹೋಗುತ್ತದೆ, ಲೋಹದ ಮೂಲಕ ಬಂದರೆ ಯಾವ ಮೂಲೆಯದು ಎಂದು ಗೊತ್ತಾಗುತ್ತದೆ. ಮನೆಯಲ್ಲಿ ಮಾಡುವುದಾದರೆ ಕವಚ ಮುಚ್ಚಿರುವಾಗ, ಪ್ಲಾಸ್ಟಿಕ್ಕಿನ ಹೊರಮೈಯ ಮೇಲೆ ಮಾತ್ರ ಹೀಗೆ ಕೇಳಿ.

ಭೋರ್ ಎಂದು ಗಾಳಿಯೇ ಹೆಣಗಾಡುವ ಸದ್ದಾದರೆ ಫಿಲ್ಟರ್ ಕಟ್ಟಿಕೊಂಡಿದೆ. ಪಟಪಟ, ಟರ್ರ್ ಎಂದರೆ ಫ್ಯಾನಿನ ರೆಕ್ಕೆಗೆ ಏನೋ ತಾಗುತ್ತಿದೆ: ಸಡಿಲವಾದ ವೈರು, ಒಳಸೇರಿದ ಕಾಗದದ ಚೂರು, ಅಥವಾ ಕಾಯಿಲ್ ಮೇಲೆ ಕಟ್ಟಿ ಬೆಳೆದ ಮಂಜುಗಡ್ಡೆ. ಗಡಗಡ ಎಂದು ಇಡೀ ಪೆಟ್ಟಿಗೆ ನಡುಗಿದರೆ ಒಂದೋ ಯಾವುದೋ ಸ್ಕ್ರೂ ಸಡಿಲ, ಇಲ್ಲವೇ ಟ್ಯಾಂಕ್ ತನ್ನ ಜಾಗದಲ್ಲಿ ಸರಿಯಾಗಿ ಕೂತಿಲ್ಲ, ಅಥವಾ ಫ್ಯಾನು ತೂಕ ತಪ್ಪಿದೆ. ಕಿರ್ರ್, ಕೀಚ್ ಎಂಬ ಚೀರಾಟ ಮೋಟರಿನ ಕಡ್ಡಿ ತಿರುಗುವ ಬಳೆ, ಅಂದರೆ ಬುಷ್, ಒಣಗಿದ್ದರ ಗುರುತು. ಹಚ್ಚಿದ ಕೂಡಲೇ ಜೋರಾಗಿದ್ದು ಬಿಸಿಯಾದಂತೆ ತಗ್ಗಿದರೆ ಬಹುತೇಕ ಅದೇ.

ಗುಂಯ್ ಎಂಬ ಸಣ್ಣ ಗುಂಗು ಸಹಜ. ನಮ್ಮ ಕರೆಂಟು ಸೆಕೆಂಡಿಗೆ 50 ಆವರ್ತನದ್ದು, ಮೋಟರಿನ ಕಬ್ಬಿಣದ ತಗಡುಗಳು ಅದರ ಎರಡರಷ್ಟು, ಅಂದರೆ 100 ಸಲ ಕಂಪಿಸುತ್ತವೆ. ಆದರೆ ಗುಂಯ್ ಎನ್ನುತ್ತ ಫ್ಯಾನು ತಿರುಗದೆ ನಿಂತಿದ್ದರೆ ತಕ್ಷಣ ಆರಿಸಿ. ಬುಷ್ ಕಚ್ಚಿಕೊಂಡಿರಬೇಕು, ಇಲ್ಲವೇ ಕೆಪಾಸಿಟರ್ ಹೋಗಿರಬೇಕು. ಹಾಗೇ ಬಿಟ್ಟರೆ ವೈಂಡಿಂಗ್ ಸುಡುತ್ತದೆ. ಟಕ್ ಎಂಬ ಒಂಟಿ ಸದ್ದು, ಆರಿಸಿದ ಮೇಲೆ ಬರುವ ಬುಳುಬುಳು, ಇವುಗಳಿಗೆ ಅಂಜಬೇಡಿ. ಮೊದಲನೆಯದು ರಿಲೇ ಎಂಬ ಸ್ವಿಚ್ಚಿನದು, ಎರಡನೆಯದು ಕೊಳವೆಯಲ್ಲಿ ಇಳಿದು ನಿಲ್ಲುವ ಶೀತಕದ್ದು.

ಮೊದಲ ಪರೀಕ್ಷೆಗೆ ಯಾವ ಹತಾರವೂ ಬೇಡ. ಓಡುತ್ತಿರುವ ಯಂತ್ರದ ಮೇಲೆ, ಬದಿಗಳಲ್ಲಿ ಅಂಗೈ ಒತ್ತಿ ನೋಡಿ. ಸದ್ದು ನಿಂತರೆ ಆ ಜಾಗದ ತಗಡೋ ಸ್ಕ್ರೂವೋ ಸಡಿಲ. ಟ್ಯಾಂಕನ್ನು ತೆಗೆದು ಮತ್ತೆ ಒತ್ತಿ ಕೂರಿಸಿ. ಹಳೆಯ ಮನೆಯ ಕೆಂಪು ನೆಲ ಎಲ್ಲ ಕಡೆ ಸಮವಿರುವುದಿಲ್ಲ. ಯಂತ್ರವನ್ನು ಒಂದಡಿ ಸರಿಸಿ, ಅಡಿಗೆ ದಪ್ಪ ರಬ್ಬರ್ ಮ್ಯಾಟ್ ಹಾಕಿ. ಗೋಡೆಗೆ, ಕಪಾಟಿಗೆ ತಾಗದಂತೆ ಗೇಣಿಗಿಂತ ಹೆಚ್ಚು ಜಾಗ ಬಿಡಿ. ಮರದ ಕಪಾಟಿಗೆ ತಾಗಿದ್ದರೆ ವೀಣೆಯ ಬುರುಡೆಯಂತೆ ಅದು ಸಣ್ಣ ನಡುಕವನ್ನೂ ದೊಡ್ಡದು ಮಾಡುತ್ತದೆ.

ಬಿಚ್ಚುವ ಮೊದಲು

ಪ್ಲಗ್ ಕಿತ್ತು, ಅದರ ತುದಿ ನಿಮ್ಮ ಕಣ್ಣೆದುರೇ ಇರುವಂತೆ ಇಡಿ. ಸ್ವಿಚ್ ಆರಿಸಿದರೆ ಸಾಲದು. ವಾರಂಟಿ ಇನ್ನೂ ಇದ್ದರೆ ಬಿಚ್ಚಬೇಡಿ, ಫಿಲ್ಟರ್ ತೊಳೆದು ಕಂಪನಿಯವರನ್ನೇ ಕರೆಸಿ. ಒಳಗಿರುವ ಕೆಪಾಸಿಟರ್ ಎಂಬ ಸಣ್ಣ ಡಬ್ಬಿ ಪ್ಲಗ್ ಕಿತ್ತ ಮೇಲೂ ವಿದ್ಯುತ್ತನ್ನು ಹಿಡಿದಿಟ್ಟುಕೊಂಡು ಹೊಡೆಯಬಲ್ಲದು. ಅದರ ತುದಿಗಳನ್ನು ಮುಟ್ಟಬೇಡಿ, ಅದರ ಕೆಲಸ ಗೊತ್ತಿರುವವರಿಗೆ ಬಿಡಿ.

ಕಂಪ್ರೆಸರಿಗೂ ಕಾಯಿಲ್‌ಗಳಿಗೂ ಹೋಗುವ ತಾಮ್ರದ ಕೊಳವೆಗಳನ್ನು ಬಗ್ಗಿಸಬಾರದು, ಎಳೆಯಬಾರದು. ಒಳಗೆ ಒತ್ತಡದಲ್ಲಿ ಶೀತಕ ಅನಿಲ ಇರುತ್ತದೆ. ಹೊಸ ಯಂತ್ರಗಳಲ್ಲಿ ಹಲವು ಆರ್ 290 ಎಂಬ ಅನಿಲದವು. ಅದು ಪ್ರೊಪೇನ್, ನಮ್ಮ ಅಡುಗೆ ಅನಿಲದಲ್ಲೂ ಇರುವಂಥದ್ದು, ಬೆಂಕಿ ಹಿಡಿಯುವಂಥದ್ದು. ತ್ರಿಕೋನದೊಳಗೆ ಜ್ವಾಲೆಯ ಚಿತ್ರ ಅಂಟಿಸಿದ್ದರೆ ದೇವರ ದೀಪದಿಂದಲೂ ಒಲೆಯಿಂದಲೂ ದೂರ ಕೂತು ಕೆಲಸ ಮಾಡಿ. ಯಂತ್ರವನ್ನು ಮಲಗಿಸಬೇಡಿ. ಕಂಪ್ರೆಸರಿನೊಳಗೆ ಅದರದೇ ಎಣ್ಣೆ ಇದೆ. ಮಲಗಿಸಿದರೆ ಅದು ಕೊಳವೆಗೆ ಹರಿಯುತ್ತದೆ. ತಪ್ಪಿ ಮಲಗಿಸಿದ್ದರೆ ಎತ್ತಿ ನಿಲ್ಲಿಸಿ, ಒಂದು ದಿನ ಬಿಟ್ಟು ಹಚ್ಚಿ.

ಕಾಯಿಲ್‌ನ ಅಲ್ಯುಮಿನಿಯಂ ಫಿನ್‌ಗಳ ಅಂಚು ಬ್ಲೇಡಿನಂತೆ ಕೊಯ್ಯುತ್ತದೆ, ಕೈಗವಸು ಬೇಕು. ಬೂಷ್ಟಿನ ದೂಳು ಉಸಿರಿಗೆ ಹೋಗದಂತೆ ಮಾಸ್ಕ್ ಕೂಡ ಬೇಕು. ಕೋಣೆಯೊಳಗೆ ಬಿಚ್ಚದೆ ಜಗಲಿಗೆ ತನ್ನಿ. ಪ್ರತಿ ಹಂತದಲ್ಲೂ ಮೊಬೈಲಿನಲ್ಲಿ ಒಂದು ಫೋಟೊ ತೆಗೆದುಕೊಳ್ಳಿ. ಸ್ಕ್ರೂಗಳು ಒಂದೇ ಅಳತೆಯವಾಗಿರುವುದಿಲ್ಲ. ಬಿಚ್ಚಿದ ಕ್ರಮದಲ್ಲೇ ಸಾಲಾಗಿ ಇಡಿ. ಉದ್ದದ ಸ್ಕ್ರೂ ಗಿಡ್ಡದರ ಜಾಗಕ್ಕೆ ಹೋದರೆ ಒಳಗಿನ ಕಾಯಿಲನ್ನೇ ಚುಚ್ಚೀತು.

ಕೊಳೆ ತೆಗೆಯುವುದು

ಕವಚ ತೆಗೆದಾಗ ಕಂಡದ್ದನ್ನು ನೋಡಿ ನನಗೆ ನಾಚಿಕೆಯಾಯಿತು. ಫಿಲ್ಟರ್ ದಾಟಿ ಬಂದ ದೂಳು ತೇವದೊಂದಿಗೆ ಕಲೆತು ಫಿನ್‌ಗಳ ಮೇಲೆ ಬೂದು ಕಂಬಳಿಯಂತೆ ಕೂತಿತ್ತು. ಮೂಲೆಯಲ್ಲಿ ಜೇಡರ ಬಲೆ, ಒಣಗಿದ ಹಲ್ಲಿಮರಿ. ಎರಡು ವರ್ಷ ನಾನು ಟ್ಯಾಂಕಿನ ನೀರು ಚೆಲ್ಲಿದ್ದೆ, ಫಿಲ್ಟರನ್ನು ಒಮ್ಮೊಮ್ಮೆ ಕೊಡವಿದ್ದೆ. ಅದನ್ನೇ ಆರೈಕೆ ಎಂದುಕೊಂಡಿದ್ದೆ.

ಫಿಲ್ಟರಿನಿಂದ ಶುರು ಮಾಡಿ. ಉಗುರುಬೆಚ್ಚಗಿನ ನೀರು, ಒಂದಿಷ್ಟು ಪಾತ್ರೆ ಸೋಪು, ಮೆದು ಬ್ರಷ್. ನೆರಳಿನಲ್ಲಿ ಪೂರ್ತಿ ಒಣಗಿಸಿ. ಒದ್ದೆ ಫಿಲ್ಟರ್ ಹಾಕಿದರೆ ಅದೇ ಬೂಷ್ಟಿನ ಹಾಸಿಗೆ. ಮಳೆಗಾಲದಲ್ಲಿ ಇದನ್ನು ಹದಿನೈದು ದಿನಕ್ಕೊಮ್ಮೆ ಮಾಡಬೇಕು. ಫಿಲ್ಟರ್ ಕಟ್ಟಿದರೆ ಕಾಯಿಲ್ ಮೇಲೆ ಸಾಕಷ್ಟು ಗಾಳಿ ಹಾಯುವುದಿಲ್ಲ. ಗಾಳಿ ಹಾಯದ ಕಾಯಿಲ್ ಅತಿಯಾಗಿ ತಣ್ಣಗಾಗಿ ಮಂಜುಗಟ್ಟುತ್ತದೆ. ಮಂಜುಗಡ್ಡೆ ಬೆಳೆದು ಗಾಳಿಗೆ ಇನ್ನಷ್ಟು ಅಡ್ಡವಾಗುತ್ತದೆ. ಶಬ್ದ ಹೆಚ್ಚುತ್ತದೆ, ನೀರು ಕಡಿಮೆಯಾಗುತ್ತದೆ, ಕರೆಂಟು ಮಾತ್ರ ಅಷ್ಟೇ ಖರ್ಚಾಗುತ್ತದೆ.

ಕಾಯಿಲ್‌ಗೆ ಬಣ್ಣ ಹಚ್ಚುವ ಮೆದು ಬ್ರಷ್ ಸಾಕು. ಫಿನ್‌ಗಳು ನಿಂತ ದಿಕ್ಕಿನಲ್ಲೇ, ಮೇಲಿನಿಂದ ಕೆಳಕ್ಕೆ ಗುಡಿಸಿ. ಅಡ್ಡಕ್ಕೆ ಉಜ್ಜಿದರೆ ಅವು ಮಡಚಿಕೊಂಡು ಗಾಳಿಯ ದಾರಿಯೇ ಮುಚ್ಚುತ್ತದೆ. ಮನೆಯಲ್ಲಿ ವ್ಯಾಕ್ಯೂಮ್ ಕ್ಲೀನರ್ ಇದ್ದರೆ ಬ್ರಷ್ಷಿನ ಹಿಂದೆಯೇ ಅದನ್ನು ಹಿಡಿಯಿರಿ. ಅಂಟಿದ ಕೊಳೆಗೆ ಸಣ್ಣ ಸ್ಪ್ರೇ ಬಾಟಲಿಯಿಂದ ಸೋಪಿನ ನೀರು, ಆಮೇಲೆ ಬರೀ ನೀರು ಸಿಂಪಡಿಸಿ, ಅದು ಕೆಳಗಿನ ತಟ್ಟೆಗೆ ಇಳಿಯಲಿ. ಮೋಟರಿಗೂ ಸರ್ಕ್ಯೂಟ್ ಬೋರ್ಡಿಗೂ ಪ್ಲಾಸ್ಟಿಕ್ ಹೊದಿಸಿಡಿ. ಬ್ಲೀಚಿಂಗ್ ನೀರು ಮುಟ್ಟಿಸಬೇಡಿ, ಅಲ್ಯುಮಿನಿಯಂ ಮತ್ತು ತಾಮ್ರ ಎರಡನ್ನೂ ಅದು ತಿನ್ನುತ್ತದೆ. ಹನಿ ಬೀಳುವ ತಟ್ಟೆಯಲ್ಲಿ ಲೋಳೆ ಕಟ್ಟಿ ತೂತು ಮುಚ್ಚಿರುತ್ತದೆ. ಅದನ್ನು ಒರೆಸಿ, ತೂತಿಗೆ ಮೆದುವಾದ ಕಡ್ಡಿ ಆಡಿಸಿ. ಟ್ಯಾಂಕನ್ನು ವಿನೆಗರ್ ಬೆರೆಸಿದ ನೀರಿನಲ್ಲಿ ಅರ್ಧ ಗಂಟೆ ನೆನೆಸಿಟ್ಟು ಉಜ್ಜಿ ತೊಳೆಯಿರಿ.

ಇನ್ನು ಫ್ಯಾನು. ಹೆಚ್ಚಿನ ಯಂತ್ರಗಳಲ್ಲಿ ಅದು ಸಾಲು ಸಾಲು ಸಣ್ಣ ರೆಕ್ಕೆಗಳಿರುವ ಡ್ರಮ್ಮಿನಂಥ ಬ್ಲೋವರ್. ಈ ರೆಕ್ಕೆಗಳ ಹೊಟ್ಟೆಯಲ್ಲಿ ದೂಳು ಮೆತ್ತಿಕೊಳ್ಳುತ್ತದೆ, ಅದೂ ಎಲ್ಲ ಕಡೆ ಒಂದೇ ಸಮನೆ ಅಲ್ಲ. ಒಂದು ಬದಿ ಒಂದೆರಡು ಗ್ರಾಂ ಹೆಚ್ಚಾದರೂ ತಿರುಗುವಾಗ ಅದು ಹೊರಕ್ಕೆ ಎಳೆಯುತ್ತದೆ. ವೇಗ ಎರಡು ಪಟ್ಟಾದರೆ ಆ ಎಳೆತ ನಾಲ್ಕು ಪಟ್ಟು. ನಮ್ಮ ಯಂತ್ರದ ಗಡಗಡಕ್ಕೆ ಕಾರಣ ಇದೇ ಆಗಿತ್ತು. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಒಂದೊಂದೇ ರೆಕ್ಕೆಯನ್ನು ಸ್ವಚ್ಛ ಮಾಡಬೇಕು, ನಡುವೆ ಬಿಡಬಾರದು. ಅರ್ಧ ತೆಗೆದು ಅರ್ಧ ಉಳಿಸಿದರೆ ಮೊದಲಿಗಿಂತ ಹೆಚ್ಚು ನಡುಗುತ್ತದೆ. ಯಾವುದಾದರೂ ರೆಕ್ಕೆಗೆ ಸಣ್ಣ ಲೋಹದ ಕ್ಲಿಪ್ ಸಿಕ್ಕಿಸಿದ್ದರೆ ಅದನ್ನು ಕಸವೆಂದು ಕೀಳಬೇಡಿ. ತೂಕ ಸರಿದೂಗಿಸಲು ಕಾರ್ಖಾನೆಯಲ್ಲಿ ಹಾಕಿದ್ದು ಅದು. ಬ್ಲೋವರನ್ನು ಶಾಫ್ಟಿನಿಂದ ತೆಗೆಯುವುದಾದರೆ ಎಷ್ಟು ಆಳಕ್ಕೆ ಕೂತಿತ್ತೆಂದು ಮಾರ್ಕರಿನಲ್ಲಿ ಗುರುತು ಹಾಕಿಕೊಳ್ಳಿ.

ಎಣ್ಣೆ: ಎಲ್ಲಿಗೆ, ಯಾವುದು, ಎಷ್ಟು

ಪ್ಲಗ್ ಕಿತ್ತ ಯಂತ್ರದ ಬ್ಲೋವರನ್ನು ಬೆರಳಿನಿಂದ ತಿರುಗಿಸಿ. ಒಳ್ಳೆಯ ಮೋಟರಿನಲ್ಲಿ ಅದು ಸರಾಗವಾಗಿ ಒಂದೆರಡು ಸುತ್ತು ಹೋಗಿ ನಿಧಾನ ನಿಲ್ಲುತ್ತದೆ. ಬಿಗಿಯಾಗಿ, ತಟ್ಟನೆ ನಿಂತರೆ ಬುಷ್ ಒಣಗಿದೆ. ಈಗ ಶಾಫ್ಟನ್ನು ಅಡ್ಡಕ್ಕೆ ಅಲ್ಲಾಡಿಸಿ ನೋಡಿ. ಸಡಿಲವಾಗಿ ಆಡಿದರೆ ಬುಷ್ ಸವೆದಿದೆ, ಎಣ್ಣೆ ಕೆಲವು ದಿನದ ಸಮಾಧಾನವಷ್ಟೆ. ಬುಷ್ ಬದಲಿಸಲು ವೈಂಡಿಂಗ್ ಅಂಗಡಿಗೆ ಒಯ್ಯಬೇಕು.

ಬುಷ್ ಎಂದರೆ ಶಾಫ್ಟ್ ತಿರುಗುವ ಬಳೆ. ಸಣ್ಣ ಮೋಟರುಗಳಲ್ಲಿ ಇದನ್ನು ಸಾಮಾನ್ಯವಾಗಿ ಕಂಚಿನ ಪುಡಿಯನ್ನು ಒತ್ತಿ, ಕಾಯಿಸಿ ಮಾಡಿರುತ್ತಾರೆ. ಕಣ್ಣಿಗೆ ಗಟ್ಟಿ ಲೋಹ. ಒಳಗೆ ಮಾತ್ರ ಕುಡಿಯುವ ನೀರಿನ ಮಣ್ಣಿನ ಹೂಜಿಯಂತೆ ಸಾವಿರಾರು ಸೂಕ್ಷ್ಮ ರಂಧ್ರಗಳು. ಅದರ ಗಾತ್ರದ ಸುಮಾರು ಐದನೇ ಒಂದು ಭಾಗ ಟೊಳ್ಳು. ಆ ಟೊಳ್ಳಿನಲ್ಲಿ ಎಣ್ಣೆ ಇರುತ್ತದೆ. ಶಾಫ್ಟ್ ತಿರುಗಿ ಬಿಸಿಯಾದಾಗ ಎಣ್ಣೆ ಹೊರಗೆ ಜಿನುಗಿ ಪದರವಾಗುತ್ತದೆ, ನಿಂತು ತಣ್ಣಗಾದಾಗ ಮತ್ತೆ ಒಳಗೆ ಇಂಗುತ್ತದೆ. ಕೆಲವು ಮೋಟರುಗಳಲ್ಲಿ ಬುಷ್ ಸುತ್ತ ಉಣ್ಣೆಯ ಬತ್ತಿಯಂಥ ಫೆಲ್ಟ್ ಇದ್ದು ಅದೂ ಎಣ್ಣೆ ಉಣಿಸುತ್ತದೆ. ವೇಗ ಹಿಡಿದ ಶಾಫ್ಟ್ ಆ ಎಣ್ಣೆಯ ಪದರದ ಮೇಲೆ ತೇಲುತ್ತಿರುತ್ತದೆ, ಲೋಹಕ್ಕೆ ಲೋಹ ತಾಗುವುದೇ ಇಲ್ಲ. ತಾಗುವುದು ಶುರುವಿನಲ್ಲಿ, ಪದರ ಇನ್ನೂ ಏಳದಿರುವಾಗ. ಎಣ್ಣೆ ಬತ್ತಿದ ಮೋಟರ್ ಹಚ್ಚಿದ ಕ್ಷಣದಲ್ಲೇ ಚೀರುವುದು ಇದಕ್ಕೆ.

ಇದಕ್ಕೆ ಬೇಕಾದ್ದು ಹೊಲಿಗೆ ಮಿಷನ್ನಿನ ಎಣ್ಣೆ, ಟೈಲರಿಂಗ್ ಸಾಮಾನಿನ ಅಂಗಡಿಯಲ್ಲಿ ಸಿಗುವ ಸಣ್ಣ ಬಾಟಲಿ. ತಿಳಿಯಾಗಿದ್ದು, ರಂಧ್ರಗಳಿಗೆ ಇಳಿಯಬಲ್ಲಂಥದ್ದು ಅದು. ಎಲೆಕ್ಟ್ರಿಕ್ ಮೋಟರಿಗೆಂದೇ ಮಾರುವ ತೆಳು ಎಣ್ಣೆಯೂ ಆದೀತು. ನಮ್ಮ ಕಡೆ ಬಾಗಿಲ ತಿರುಗಣಿಯಿಂದ ಸೈಕಲ್ ಚೈನಿನವರೆಗೆ ಎಲ್ಲದಕ್ಕೂ ಕೊಬ್ಬರಿ ಎಣ್ಣೆ ಬಿಡುವ ರೂಢಿ. ಅದು ಸುಮಾರು 24 ಡಿಗ್ರಿಗಿಂತ ಕೆಳಗೆ ತುಪ್ಪದಂತೆ ಗಟ್ಟಿಯಾಗುತ್ತದೆ. ಮಳೆಗಾಲದ ರಾತ್ರಿಯಲ್ಲಿ ಬಾಟಲಿಯೊಳಗೇ ಹೆಪ್ಪುಗಟ್ಟುವ ಎಣ್ಣೆ ಬುಷ್ಷಿನ ರಂಧ್ರಕ್ಕೆ ಇಳಿಯುವುದು ಹೇಗೆ? ಅಡುಗೆಯ ಬೇರೆ ಎಣ್ಣೆಗಳು ಕಾಲಕ್ರಮದಲ್ಲಿ ಜಿಡ್ಡುಗಟ್ಟಿ ಅಂಟಾಗುತ್ತವೆ. ತುಕ್ಕಿಗೆ ಬಳಸುವ ಡಬ್ಲ್ಯುಡಿ 40 ಸ್ಪ್ರೇಯನ್ನು ಹಲವರು ಎಣ್ಣೆಯೆಂದೇ ತಿಳಿದಿದ್ದಾರೆ. ಅದನ್ನು ತಯಾರಿಸಿದ್ದು 1953ರಲ್ಲಿ ಅಮೆರಿಕದ ಸ್ಯಾನ್ ಡಿಯೇಗೊದಲ್ಲಿ, ಲೋಹದ ಮೇಲಿನ ನೀರನ್ನು ಓಡಿಸಿ ತುಕ್ಕು ತಡೆಯಲು. ಹೆಸರಿನ ಮೊದಲ ಎರಡು ಅಕ್ಷರಗಳ ಅರ್ಥವೂ ನೀರು ಓಡಿಸುವುದೆಂದೇ, 40 ಎಂಬುದು ನಲವತ್ತನೆಯ ಪ್ರಯತ್ನದ ಗುರುತು. ಬುಷ್ಷಿಗೆ ಹೊಡೆದರೆ ಅಂದೇ ಸದ್ದು ನಿಲ್ಲುತ್ತದೆ. ಆದರೆ ಉಳಿದಿದ್ದ ಹಳೆಯ ಎಣ್ಣೆಯನ್ನೂ ಅದು ತೊಳೆದುಬಿಡುತ್ತದೆ. ಕೆಲವೇ ದಿನದಲ್ಲಿ ಚೀರಾಟ ಇನ್ನೂ ಜೋರಾಗಿ ಮರಳುತ್ತದೆ.

ಮೋಟರಿಗೆ ಎರಡು ಬುಷ್, ಮುಂದೊಂದು ಹಿಂದೊಂದು. ಕೆಲವು ಮೋಟರುಗಳ ಎರಡೂ ತುದಿಯಲ್ಲಿ ಎಣ್ಣೆ ಬಿಡುವ ಸಣ್ಣ ತೂತು, ಅದಕ್ಕೆ ರಬ್ಬರಿನ ಬಿರಡೆ ಇರುತ್ತದೆ. ಇಲ್ಲದಿದ್ದರೆ ಶಾಫ್ಟ್ ಮೋಟರಿನೊಳಗೆ ಹೋಗುವ ಬಾಯಿಯೇ ದಾರಿ. ಅಲ್ಲಿ ಸುತ್ತಿಕೊಂಡ ನೂಲು, ಕೂದಲು, ಕಪ್ಪು ಜಿಡ್ಡನ್ನು ಬಟ್ಟೆಯಿಂದ ಮೊದಲು ತೆಗೆಯಬೇಕು, ಇಲ್ಲವಾದರೆ ಎಣ್ಣೆಯ ಜೊತೆ ಕೊಳೆಯನ್ನೂ ಒಳಗೆ ಕಳಿಸಿದಂತೆ. ಮೋಟರ್ ಬಿಡಿಯಾಗಿ ಕೈಗೆ ಬಂದಿದ್ದರೆ ಶಾಫ್ಟ್ ಮೇಲ್ಮುಖವಾಗುವಂತೆ ನಿಲ್ಲಿಸಿ ಒಂದು ಹನಿ ಬಿಡಿ. ಬೆರಳಿನಿಂದ ಹತ್ತಿಪ್ಪತ್ತು ಸುತ್ತು ತಿರುಗಿಸಿ. ಹತ್ತು ನಿಮಿಷ ಕಾಯಿರಿ, ಇಂಗಲಿ. ಇನ್ನೊಂದು ಹನಿ. ಮತ್ತೆ ತಿರುಗಿಸಿ. ಆಮೇಲೆ ಮೋಟರ್ ತಿರುವಿ ಹಿಂದಿನ ಬುಷ್ಷಿಗೂ ಹೀಗೇ. ಎರಡು ಹನಿ ಸಾಕು, ಮೂರು ಹೆಚ್ಚು. ಮಿಕ್ಕಿದ ಎಣ್ಣೆ ವೈಂಡಿಂಗ್ ಮೇಲೆ ಸಿಡಿದು, ಅಲ್ಲಿ ದೂಳು ಹಿಡಿದು, ಮುಂದಿನ ವರ್ಷದ ತೊಂದರೆಗೆ ಬೀಜವಾಗುತ್ತದೆ. ಹೊರಗೆ ಉಳಿದದ್ದನ್ನು ಒರೆಸಿಬಿಡಿ.

ನಮ್ಮ ಯಂತ್ರದ ಮೋಟರಿಗೆ ಮೊದಲ ಹನಿ ಬಿಟ್ಟಾಗ ಅದು ಹಾಗೇ ಮಾಯವಾಯಿತು. ಬೇಸಿಗೆಯ ನೆಲಕ್ಕೆ ಬಿದ್ದ ಮೊದಲ ಮಳೆಹನಿಯಂತೆ ಒಂದು ಕ್ಷಣ ಹೊಳೆದು ಇಂಗಿಹೋಯಿತು. ಬಾಯಾರಿದೆ ಎಂದು ಅವರು ಹೇಳಿದ್ದು ಬರೀ ಮಾತಿನ ಚಂದಕ್ಕಲ್ಲ ಎಂದು ಆಗ ತಿಳಿಯಿತು.

ಎಲ್ಲ ಮೋಟರಿಗೂ ಎಣ್ಣೆ ಮದ್ದಲ್ಲ. ಬುಷ್ ಬದಲು ಎರಡೂ ಬದಿ ಮುಚ್ಚಿದ ಗುಂಡಿನ ಬೇರಿಂಗ್ ಇದ್ದು ಅದು ಸದ್ದು ಮಾಡುತ್ತಿದ್ದರೆ ಬದಲಿಸುವುದೇ ಸರಿ. ಬೇರಿಂಗ್ ಮೇಲೆ ಅದರ ನಂಬರ್ ಕೆತ್ತಿರುತ್ತದೆ, ಅದನ್ನು ಹೇಳಿದರೆ ಅಂಗಡಿಯಲ್ಲಿ ಸಿಗುತ್ತದೆ. ಕಂಪ್ರೆಸರಿಗೂ ಹೊರಗಿನಿಂದ ಎಣ್ಣೆ ಹಾಕುವ ದಾರಿಯಿಲ್ಲ. ಅದು ಬೆಸುಗೆ ಹಾಕಿ ಮುಚ್ಚಿದ ಮಡಕೆ. ಅದು ನಡುಗುತ್ತಿದ್ದರೆ ಅಡಿಯಲ್ಲಿರುವ ರಬ್ಬರ್ ಕಾಲುಗಳು ಗಟ್ಟಿಯಾಗಿವೆಯೇ, ಹರಿದಿವೆಯೇ ನೋಡಿ. ಒಳಗಿನಿಂದಲೇ ಕಟಕಟ ಬರುತ್ತಿದ್ದರೆ ಫ್ರಿಜ್ ಮೆಕ್ಯಾನಿಕ್ಕೇ ಬರಬೇಕು.

ಯಾವಾಗ ಕೈ ಹಿಂತೆಗೆಯಬೇಕು

ಸುಟ್ಟ ವಾಸನೆ, ಪ್ಲಗ್ ಅಥವಾ ವೈರು ಬಿಸಿಯಾಗುವುದು, ಪದೇ ಪದೇ ಟ್ರಿಪ್ ಆಗುವುದು: ಇವುಗಳಲ್ಲಿ ಒಂದು ಕಂಡರೂ ಯಂತ್ರ ಮತ್ತೆ ಹಚ್ಚಬೇಡಿ. ಫಿಲ್ಟರ್, ಕಾಯಿಲ್ ಸ್ವಚ್ಛವಿದ್ದೂ ಮಂಜುಗಟ್ಟಿದರೆ, ಕೊಳವೆಯ ಬೆಸುಗೆಯ ಬಳಿ ಎಣ್ಣೆಯ ಪಸೆ ಕಂಡರೆ, ಶೀತಕ ಸೋರಿರಬಹುದು. ಅದು ನಮ್ಮ ಕೈಯ ಕೆಲಸವಲ್ಲ. ಈ ಯಂತ್ರಗಳನ್ನು ಹಗುರವಾಗಿ ನೋಡಬಾರದು. 2013ರಲ್ಲಿ ಅಮೆರಿಕದಲ್ಲಿ ಗ್ರೀ ಕಂಪನಿ ತಯಾರಿಸಿ ಹಲವು ಹೆಸರಿನಲ್ಲಿ ಮಾರಾಟವಾಗಿದ್ದ 20 ಲಕ್ಷಕ್ಕೂ ಹೆಚ್ಚು ಡಿಹ್ಯುಮಿಡಿಫೈಯರ್‌ಗಳನ್ನು, ಅತಿಯಾಗಿ ಕಾದು ಬೆಂಕಿ ಹೊತ್ತಿಕೊಳ್ಳುವ ಅಪಾಯವಿದೆ ಎಂದು ಹಿಂದಕ್ಕೆ ಕರೆಸಿಕೊಳ್ಳಬೇಕಾಯಿತು. ರಾತ್ರಿಯಿಡೀ, ಮನೆಮಂದಿ ಮಲಗಿರುವಾಗ, ಕಾಗದದ ರಾಶಿಯ ನಡುವೆ ಓಡುವ ಯಂತ್ರ ಇದು. ಅದರ ಸದ್ದಿಗೆ ಕಿವಿಗೊಡುವುದು ನೆಮ್ಮದಿಗಾಗಿ ಮಾತ್ರವಲ್ಲ, ಸುರಕ್ಷತೆಗಾಗಿಯೂ ಹೌದು.

ಎಲ್ಲ ಜೋಡಿಸಿ ಹಚ್ಚಿದಾಗ ಮೊದಲಿನ ಹಾಗೆ ಉಸಿರಾಟದ ಸದ್ದಷ್ಟೇ ಇತ್ತು. ರಿಪೇರಿ ಸರಿಯಾಯಿತೇ ಎಂದು ತಿಳಿಯಲು ಕಿವಿಯ ಜೊತೆ ಗಡಿಯಾರವನ್ನೂ ಬಳಸಿ: ಟ್ಯಾಂಕ್ ತುಂಬಲು ಮೊದಲು ಎಷ್ಟು ಗಂಟೆ ಬೇಕಿತ್ತು, ಈಗ ಎಷ್ಟು? ನಮ್ಮಲ್ಲಿ ಮೊದಲು ಸಂಜೆ ಹಚ್ಚಿದರೆ ಮರುದಿನ ಮಧ್ಯಾಹ್ನಕ್ಕೆ ತುಂಬುತ್ತಿದ್ದ ಟ್ಯಾಂಕ್ ಈಗ ಬೆಳಗಿನ ಕಾಫಿಯ ಹೊತ್ತಿಗೇ ತುಂಬಿರುತ್ತದೆ. ಕೊಳೆ ಕದ್ದದ್ದು ನಮ್ಮ ನಿದ್ದೆಯನ್ನು ಮಾತ್ರವಲ್ಲ, ಯಂತ್ರದ ಕಸುವನ್ನೂ.

ಗುರುತು ಬಿಟ್ಟು ಹೋಗುವುದು

ಇಡೀ ಕೆಲಸಕ್ಕೆ ಹಿಡಿದದ್ದು ಒಂದು ಮಧ್ಯಾಹ್ನ. ಎಣ್ಣೆ ಎರಡೆರಡು ಹನಿ. ಇಷ್ಟನ್ನು ಮಾಡದೆ, ಸಾವಿರಾರು ರೂಪಾಯಿಯ ಯಂತ್ರವನ್ನು, ಅದರ ತಾಮ್ರ, ಅಲ್ಯುಮಿನಿಯಂ, ಶೀತಕ ಅನಿಲ ಎಲ್ಲವನ್ನೂ ಗುಜರಿಗೆ ಹಾಕಲು ನಾನು ಸಿದ್ಧನಾಗಿದ್ದೆ ಎಂಬುದು ಈಗಲೂ ಚುಚ್ಚುತ್ತದೆ. ದುರಸ್ತಿ ಗ್ರಾಹಕರ ಹಕ್ಕು ಎಂಬ ಮಾತು ಈಗ ಸರ್ಕಾರದ ಮಟ್ಟದಲ್ಲೂ ಕೇಳುತ್ತಿದೆ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ಇದಕ್ಕೊಂದು ಸಮಿತಿ ರಚಿಸಿತು, ಅದೇ ವರ್ಷ ಡಿಸೆಂಬರ್‌ನಲ್ಲಿ ಇದಕ್ಕೆಂದೇ ಒಂದು ಪೋರ್ಟಲ್ ಆರಂಭವಾಯಿತು. ಬಿಡಿಭಾಗ ಸಿಗುವಂತೆ ಮಾಡುವುದು, ಬಿಚ್ಚಲು ಬರುವಂತೆ ಯಂತ್ರ ಕಟ್ಟುವುದು ಕಂಪನಿಗಳ ಹೊಣೆ. ಆದರೆ ಹಕ್ಕನ್ನು ಬಳಸುವ ಕೈಗಳೂ ಬೇಕಲ್ಲ? ತಾಲ್ಲೂಕು ಪೇಟೆಯ ವೈಂಡಿಂಗ್ ಅಂಗಡಿಗಳಲ್ಲಿ ಆ ಕೈಗಳಿವೆ. ಅವರ ಬಳಿಗೆ ನಾವು ಹೋಗುವುದನ್ನು ನಿಲ್ಲಿಸಿದರೆ, ಸದ್ದು ಕೇಳಿ ರೋಗ ಹೇಳುವ ಆ ಕಿವಿಗಳು ಒಂದೊಂದಾಗಿ ಇಲ್ಲವಾಗುತ್ತವೆ.

ನೆನಪಿಡಲು ಸುಲಭವಾಗಲೆಂದು ನಾನು ಎರಡು ದಿನ ಗೊತ್ತುಮಾಡಿಕೊಂಡಿದ್ದೇನೆ. ಮೇ ಕೊನೆಗೆ ರೋಹಿಣಿ ಮಳೆ ಹುಟ್ಟುವಾಗ ಒಮ್ಮೆ: ಬಿಚ್ಚಿ, ಗುಡಿಸಿ, ಬ್ಲೋವರ್ ತಿರುಗಿಸಿ ನೋಡಿ, ಬೇಕಿದ್ದರೆ ಎಣ್ಣೆ. ಮಳೆ ಹಿಂದೆ ಸರಿದು ಆಯುಧಪೂಜೆ ಬಂದಾಗ ಇನ್ನೊಮ್ಮೆ. ಆ ದಿನ ಕುಂಕುಮ ಇಡುವ ಮೊದಲು ಹತಾರವನ್ನು ತೊಳೆದು, ಒರೆಸಿ, ಎಣ್ಣೆ ಹಚ್ಚುತ್ತಿದ್ದರು ನಮ್ಮ ಹಿರಿಯರು. ಟ್ಯಾಂಕ್ ಬರಿದು ಮಾಡಿ, ಒಳಗೆಲ್ಲ ಒಣಗಿಸಿ, ಬಟ್ಟೆ ಹೊದಿಸಿ ಯಂತ್ರವನ್ನು ಎಂಟು ತಿಂಗಳ ವಿಶ್ರಾಂತಿಗೆ ಕಳಿಸಲು ಅದಕ್ಕಿಂತ ತಕ್ಕ ದಿನ ಇಲ್ಲ.

ಅಂಗಡಿಯಲ್ಲಿ ಅಂದು ಕವಚ ಮುಚ್ಚುವ ಮೊದಲು ಅವರು ಕಿವಿಯ ಹಿಂದಿದ್ದ ಪೆನ್ನು ತೆಗೆದು ಪ್ಲಾಸ್ಟಿಕ್ಕಿನ ಒಳಮೈಯ ಮೇಲೆ ತಾರೀಖು ಬರೆದರು. ಕೆಳಗೆ ‘ಎಣ್ಣೆ 2+2’ ಎಂದು ಸೇರಿಸಿದರು. ಯಾಕೆ ಎಂದು ಕೇಳಿದೆ. ‘ಮುಂದೆ ಯಾರು ಬಿಚ್ತಾರೋ, ಅವರಿಗೆ ಗೊತ್ತಾಗ್ಲಿ’ ಎಂದರು. ಈ ವರ್ಷ ರೋಹಿಣಿಗೆ ಬಿಚ್ಚಿದವನು ನಾನೇ. ಅವರ ಸಾಲಿನ ಕೆಳಗೆ ನನ್ನ ಕೈಬರಹದಲ್ಲಿ ಇನ್ನೊಂದು ತಾರೀಖು ಬಿದ್ದಿದೆ.